ಹಬೆಕೋಲು ತುಂಬಾ ಚೆನ್ನಾಗಿದೆ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ ಅಂತ ಊರವರು ಹೇಳುತ್ತಾರೆ. ಸುಳ್ಳು. ಬಿಡುವುದಕ್ಕೆ ಶಾಲೆ ಅನ್ನುವುದೊಂದು ಇರಬೇಕಲ್ಲ? ಒಂದು ಸೋಮವಾರ ಗಣಿತದ ಪಾಠ ನಡೆಯುವಾಗ ನನ್ನ ಪುಸ್ತಕದ ಮೇಲೆ ಟಪ್ ಟಪ್ ಅಂತ ನೀರು ಬಿತ್ತು. ತಲೆ ಎತ್ತಿ ನೋಡಿ, "ಸಾರ್, ನಮ್ ಸ್ಕೂಲು ಸೋರ್ತೈತೆ" ಅಂದೆ. ಅಷ್ಟೇ. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಜಾರಿಬಿತ್ತು. ಹುಡುಗರು ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡು ಹೊರಗೆ ನಡೆದರು. ಹೊತ್ತು ಮುಳುಗುವಷ್ಟರಲ್ಲಿ ಅಲ್ಲಿ ಗೋಡೆ ಇರಲಿಲ್ಲ, ಹೆಂಚು ಇರಲಿಲ್ಲ, ಕರಿಹಲಗೆ ಇರಲಿಲ್ಲ. ಮಾರನೆಯ ದಿನ ಹೆಡ್‌ಮಾಸ್ಟರು ಬರಿ ಬಯಲಿನಲ್ಲಿ ಗಂಟೆ ಹಿಡಿದುಕೊಂಡು ನಿಂತಿದ್ದರು. ಗಂಟೆ ಅವರು ಸ್ವಂತಕ್ಕೆ ತಂದದ್ದು, ಅದಕ್ಕೇ ಉಳಿದಿತ್ತು.

ಸರ್ಕಾರದ ಶಾಲೆ ಈ ಹುಡುಗನದ್ದು ಹೇಗಾಯಿತು ಅಂತ ಊರು ವರ್ಷಗಟ್ಟಲೆ ಮಾತಾಡಿತು. ನನಗೂ ಗೊತ್ತಿಲ್ಲ. ನಮ್ಮ ಶಾಲೆ ಅಂದೆ, ಮನಸ್ಸಿನಲ್ಲೂ ಹಾಗೇ ಅಂದುಕೊಂಡಿದ್ದೆ ಅಂತ ಕಾಣುತ್ತದೆ. ಈ ಊರಲ್ಲಿ ವಸ್ತುಗಳಿಗೆ ಕಾಗದಪತ್ರ ಬೇಕಿಲ್ಲ, ಯಾರ ಮನಸ್ಸಿನಲ್ಲಿ ತಾವಿದ್ದೇವೆ ಅನ್ನುವುದು ಅವಕ್ಕೇ ಗೊತ್ತಿರುತ್ತದೆ. ತನ್ನ ವಸ್ತುವಿನ ಕೊರತೆಯನ್ನು ತಾನೇ ಬಾಯಿಬಿಟ್ಟು ಹೇಳಿದರೆ ಅದು ಆವತ್ತಿನ ಸೂರ್ಯನ ಜೊತೆಗೇ ಹೊರಟುಹೋಗುತ್ತದೆ.

ಹೀಗಾಗಿ ನಮ್ಮಲ್ಲಿ ಯಾರೂ ಚಪ್ಪಲಿ ಕಿತ್ತಿದೆ ಅನ್ನುವುದಿಲ್ಲ. "ನನ್ ಚಪ್ಪಲಿ ಕಾಲಿಗೆ ಗಾಳಿ ಸಂದಾಗಿ ಆಡುಸ್ತೈತೆ" ಅನ್ನುತ್ತಾರೆ. ಎಮ್ಮೆ ಒದ್ದರೆ, "ನಮ್ಮೆಮ್ಮೆ ಕಾಲು ಬಲು ಚುರುಕು." ಮದುವೆಯಾಗಿ ಬಂದ ಸೊಸೆಗೆ ಅತ್ತೆ ಒಲೆ ತೋರಿಸುವುದಕ್ಕೆ ಮುಂಚೆ ಈ ಹೊಗಳಿಕೆಯನ್ನು ಕಲಿಸುತ್ತಾಳೆ. ಮನುಷ್ಯರಿಗೆ ಇದು ತಟ್ಟುವುದಿಲ್ಲ. ತಟ್ಟುವ ಹಾಗಿದ್ದಿದ್ದರೆ ಈ ಊರಿನಲ್ಲಿ ಒಬ್ಬ ಗಂಡನೂ ಉಳಿಯುತ್ತಿರಲಿಲ್ಲ ಅಂತ ನಮ್ಮವ್ವ ಹೇಳುತ್ತಿದ್ದಳು. ಆದರೆ ಮೈಯ ವಿಚಾರ? ನನ್ನ ಎದೆ ಸರಿಯಿಲ್ಲ ಅಂದರೆ ಎದೆ ಇರುತ್ತದೋ ಹೋಗುತ್ತದೋ? ಅಂದು ನೋಡಿದ ಗಂಡುಗಲಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಡಾಕ್ಟರ ಹತ್ತಿರ ಹೋಗುವಾಗಲೂ ಬಾಯಿಗೆ ಅಂತ ಬೇರೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಆ ಬಾಯಿ ನಮ್ಮ ಮನೆಯದು. ನಾವು ದೂರುಗಾರರು.

ಕೆಲಸ ಕೇಳಿಕೊಂಡು ಬಂದವರು ಏನೂ ಹೇಳಬಾರದು. ವಸ್ತುವನ್ನು ನಮ್ಮ ಮಡಿಲಲ್ಲಿಟ್ಟು ಗೋಡೆಗೆ ಮುಖ ತಿರುಗಿಸಿ ಕೂರಬೇಕು. ನಾವು ಅದನ್ನು ತಿರುಗಿಸಿ, ಬಳಸಿ, ಕೊರತೆ ಏನು ಅಂತ ಕಂಡುಹಿಡಿದು, ಅಂಗಡಿಯವನ ಮುಂದೆಯೋ ಕಮ್ಮಾರನ ಮುಂದೆಯೋ ನಿಂತು ಎತ್ತಿದ ದನಿಯಲ್ಲಿ ಹೇಳಬೇಕು. ನಮ್ಮವ್ವ ಚೆನ್ನಾಜಮ್ಮ ಮೂವತ್ತು ವರ್ಷ ಸುಣ್ಣದ ಭಟ್ಟಿಯ ಬಾಗಿಲಲ್ಲಿ ನಿಂತು ಕೂಲಿಯವರ ಸನಿಕೆ, ಬುಟ್ಟಿ, ಗಾಡಿಗಳ ದೂರನ್ನೆಲ್ಲ ಕೂಗಿದವಳು. ಕೂಗಲು ಬಾಯಿ ತೆರೆದಾಗಲೆಲ್ಲ ಸುಣ್ಣದ ದೂಳು ಒಳಗೆ ಹೋಯಿತು. ಈಗ ನಾಲ್ಕು ಮಾತಾಡಿದರೆ ಐದನೆಯದಕ್ಕೆ ಅವಳಲ್ಲಿ ಉಸಿರಿಲ್ಲ. ಭಟ್ಟಿ ಬೀದಿಯಲ್ಲಿ ಅರ್ಧ ಜನರ ಕಥೆ ಇದೇ. ಅವ್ವನ ಜಾಗಕ್ಕೆ ನಾನು ಬಂದೆ. ನನಗೆ ಕೂಗುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹೊಟ್ಟೆಯೊಳಗೆ ಒಂದು ಶಾಲೆಯಷ್ಟು ಸಿಟ್ಟಿತ್ತು.

ಅಂಥ ಊರಿಗೆ ಹೋದ ವರ್ಷ ಪ್ರಭಂಜನ ಬಂದ. ಇಸ್ತ್ರಿ ಮಾಡಿದ ಅಂಗಿ, ಮಡಚುವ ಛತ್ರಿ, ಯಾರು ಏನು ಅಂದರೂ ಮಾಸದ ಒಂದು ನಗು. ಪೇಟೆ ಬೀದಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದ. ಒಳಗೆ ಮಾರುವುದು ಒಂದೇ ಒಂದು ವಸ್ತು. ಗೇಣುದ್ದದ ಕಪ್ಪು ಕೋಲು, ತುದಿಗೆ ಗಾಜಿನ ಬಾಯಿ, ಹೊಟ್ಟೆಯ ಮೇಲೆ ಉಗುರಿನಷ್ಟು ಸ್ಕ್ರೀನು. ಒಣಗಿಸಿದ ದೊಡ್ಡಪತ್ರೆ, ತುಳಸಿ, ನೀಲಗಿರಿ ಎಲೆಯನ್ನು ಪುಡಿ ಮಾಡಿ ತುಂಬಿ ಗುಂಡಿ ಒತ್ತಿದರೆ ಬೆಂಕಿಯಿಲ್ಲದೆ, ಹೊಗೆಯಿಲ್ಲದೆ ಹಬೆ ಬರುತ್ತದೆ, ದಮ್ಮು ಎಳೆದರೆ ಎದೆ ಸಡಿಲವಾಗುತ್ತದೆ. ಅದಕ್ಕೆ ಕಂಪನಿ ಇಟ್ಟ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ನಾವು ಹಬೆಕೋಲು ಅಂದೆವು. ಬೆಲೆ ಕೇಳಿದರೆ ಇರುವ ದಮ್ಮೂ ನಿಲ್ಲುವಂತಿತ್ತು. ಆದರೂ ಭಟ್ಟಿ ಬೀದಿಯವರು ಎಮ್ಮೆ ಮಾರಿದರು, ಓಲೆ ಮಾರಿದರು, ಕೊಂಡರು. ನಾನೂ ಅವ್ವನಿಗೆ ಒಂದು ತಂದೆ. ಅವಳಿಗೆ ರುಜು ಬರುವುದಿಲ್ಲವೆಂದು ಕಾಗದ ನನ್ನ ಹೆಸರಲ್ಲಾಯಿತು: ಕೆಂಚರಾಯ, ಒಂದು ವರ್ಷದ ವಾರಂಟಿ.

ಮೊದಲ ಸಂಜೆ ಅವ್ವ ಮೂರು ದಮ್ಮು ಎಳೆದಳು. ಆಮೇಲೆ ಪಕ್ಕದ ಮನೆಯ ಕೋಳಿ ನಮ್ಮ ಹಿತ್ತಿಲಿಗೆ ಬಂದಿದ್ದಕ್ಕೆ ಒಂದೇ ಉಸಿರಿನಲ್ಲಿ ಹದಿನೆಂಟು ಮಾತು ಬೈದಳು. ನಾನು ಎಣಿಸಿದೆ. ಕಣ್ಣಲ್ಲಿ ನೀರು ಬಂತು.

ಎರಡು ತಿಂಗಳು ಕಳೆಯುವುದರೊಳಗೆ ನನ್ನ ಮಡಿಲಿಗೆ ಹಬೆಕೋಲುಗಳು ಬಂದು ಬೀಳತೊಡಗಿದವು. ಮಂಚ ಹೆಣೆಯುವ ದಸ್ತಗೀರ್ ಸಾಬರು ತಮ್ಮದನ್ನು ಇಟ್ಟು, "ಬ್ಯಾಟ್ರಿಗೆ ಬಲು ಅವಸರ ಕಣಪ್ಪ, ಕೆಲಸ ಬೇಗ ಮುಗಿಸ್ತದೆ" ಅಂದು ಗೋಡೆ ಕಡೆ ತಿರುಗಿದರು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ನಾಲ್ಕನೇ ದಮ್ಮಿಗೆ ಸ್ಕ್ರೀನು ಕಣ್ಣು ಮುಚ್ಚುತ್ತಿತ್ತು. ಅಂಗನವಾಡಿಯ ರುದ್ರಾಣಮ್ಮನ ಕೋಲು ಸುಟ್ಟ ಬದನೆಕಾಯಿಯ ರುಚಿ ಕೊಡುತ್ತಿತ್ತು. ಇನ್ನೊಬ್ಬರದ್ದು ಎಳೆದು ಎಳೆದು ಕೆನ್ನೆ ಒಳಗೆ ಹೋದರೂ ಹಬೆ ಬರುತ್ತಿರಲಿಲ್ಲ, ಗಂಟುಬಿದ್ದ ಕೊಳವೆಯಲ್ಲಿ ಎಳನೀರು ಹೀರಿದ ಹಾಗೆ. ಗಾಜಿನ ಬಾಯಿ ಕಾದು ತುಟಿ ಸುಟ್ಟುಕೊಂಡವರಿದ್ದರು. ಚಾರ್ಜರಿನ ತೂತು ಸಡಿಲವಾಗಿ ವೈರಿಗೆ ಕಲ್ಲು ಹೇರಿಟ್ಟು ಕಾಯುವವರಿದ್ದರು. ಒಳಗಿನ ಒಲೆ ಎಷ್ಟು ಬಿಸಿಯಾಗಬೇಕು ಅಂತ ಹೇಳಲು ಫೋನಿನಲ್ಲಿ ಏನೋ ಹಾಕಿಕೊಳ್ಳಬೇಕಂತೆ. ಅದು ಪಾಸ್‌ವರ್ಡ್ ಕೇಳುತ್ತದೆ, ಇವರಿಗೆ ಕೆಮ್ಮು ಬರುತ್ತದೆ.

ನಾನು ಒಂದೊಂದನ್ನೂ ಹೊತ್ತುಕೊಂಡು ಪ್ರಭಂಜನನ ಮೇಜಿನ ಮುಂದೆ ನಿಂತು ಗಾಜಿನ ಬಾಗಿಲು ಅದುರುವಂತೆ ಹೇಳಿದೆ. ಅವನು ಬರೆದುಕೊಳ್ಳುತ್ತಿದ್ದ.

"ನಿಮ್ಮ ಅನುಭವ ನಮಗೆ ತುಂಬಾ ಮುಖ್ಯ ಕೆಂಚರಾಯ ಅವರೇ. ಒಮ್ಮೆ ಆಫ್ ಮಾಡಿ ಆನ್ ಮಾಡಿದಿರಾ?"

"ಮಾಡಿದೆ."

"ಎಲೆ ಚೆನ್ನಾಗಿ ಒಣಗಿತ್ತಾ?"

"ಬೆಂಕಿ ಇಲ್ದೇನೆ ಉರಿಯೋ ಅಷ್ಟು ಒಣಗಿತ್ತು. ಸಾರ್, ತಪ್ಪು ಎಲೇದಲ್ಲ. ತಪ್ಪು ನಿಮ್ ಕೋಲಿಂದು. ಹೌದು ಅನ್ನಿ ಒಂದ್ಸಲ."

ಅವನು ನಕ್ಕ. ಹೌದು ಅನ್ನಲಿಲ್ಲ. ನೂರು ಸಲ ಕೇಳಿದ್ದೇನೆ, ಒಮ್ಮೆಯೂ ಅಂದಿಲ್ಲ. ಕಂಪನಿ ಯಾವ ಊರಿನದ್ದೋ, ಅಲ್ಲೂ ನಮ್ಮೂರಿನ ಕಟ್ಟಳೆಯೇ ಇರಬೇಕು ಅಂತ ನನಗೆ ಅನುಮಾನ ಹುಟ್ಟಿದ್ದು ಆವಾಗ. ತಮ್ಮ ವಸ್ತುವಿನ ಕೊರತೆಯನ್ನು ತಮ್ಮ ಬಾಯಲ್ಲಿ ಆಡದ ಜನ ಬೇರೆ ಎಲ್ಲಿ ಸಿಗುತ್ತಾರೆ? ಆದರೂ ನನ್ನ ಗಂಟಲಿಗೆ ಹೆದರಿಯೋ ಏನೋ ಐದಾರು ಕೋಲು ಬದಲಾಗಿ ಬಂದವು.

ಆಮೇಲೆ ಒಂದು ದಿನ ಗಾಜಿನ ಬಾಗಿಲಿಗೆ ಚೀಟಿ ಅಂಟಿತು. ಇನ್ನು ಮೇಲೆ ದೂರನ್ನು ಕಾಗದದಲ್ಲಿ ಹೆಸರಿರುವ ಮಾಲೀಕರೇ, ಸ್ವಂತ ದನಿಯಲ್ಲಿ, ರೆಕಾರ್ಡರಿನ ಮುಂದೆ ಹೇಳಬೇಕು. ಬೇರೆಯವರ ದೂರು ಸ್ವೀಕರಿಸುವುದಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಇದು ಕಂಪನಿಯಿಂದ ಬಂದಿರೋದು, ನನ್ನ ಕೈಯಲ್ಲಿ ಏನೂ ಇಲ್ಲ" ಅಂದ ಪ್ರಭಂಜನ. ಕಂಪನಿಗೆ ನಮ್ಮೂರಿನ ಗುಟ್ಟು ಹೇಳಿದವರು ಯಾರು? ಊರಿಗೆ ಬಂದು ಇಷ್ಟು ತಿಂಗಳಾದರೂ ಇದು ಇವನ ಕಿವಿಗೆ ಬಿದ್ದಿಲ್ಲವೆಂದರೆ ನಂಬುವುದು ಹೇಗೆ? ಅವನ ಮುಖ ನೋಡಿದೆ. ಹೊಸ ತಟ್ಟೆಯ ಹಾಗಿತ್ತು, ಒಂದು ಗೀರಿಲ್ಲ.

ಮೊದಲು ಬಲಿಯಾದವನು ಪಾತಣ್ಣ. ಭಟ್ಟಿಗೆ ಕಲ್ಲು ತುಂಬುತ್ತಿದ್ದ ಆಳು, ಅವ್ವನ ಓರಗೆ. ಅವನಿಗೂ ನನಗೂ ಮೊದಲಿಂದ ಎಣ್ಣೆ ಸೀಗೆಕಾಯಿ. ಅವನ ಮಗಳು ಓಬಮ್ಮ ನನ್ನ ಕ್ಲಾಸಿನಲ್ಲೇ ಓದುತ್ತಿದ್ದಳು. ಶಾಲೆ ಹೋದ ಮೇಲೆ ಅವಳನ್ನು ಕೂಲಿಗೆ ಹಾಕಿದ. ನನ್ನನ್ನು ಕಂಡಾಗಲೆಲ್ಲ "ಸ್ಕೂಲ್ ನುಂಗಿದೋನು" ಅಂತ ಉಗುಳುತ್ತಿದ್ದ. ಅವನ ಕೋಲು ಬಿಸಿಯೇ ಆಗುತ್ತಿರಲಿಲ್ಲ, ಊರಲ್ಲಿ ಬೇರೆ ಬಾಯಿಲ್ಲದ್ದಕ್ಕೆ ನನ್ನ ಹತ್ತಿರವೇ ಬಂದ. ಅವನ ಪರವಾಗಿ ನಾನು ರೆಕಾರ್ಡರಿನ ಮುಂದೆ ಕೂತು, "ನಾನು ಪಾತಣ್ಣ ಮಾತಾಡ್ತಿರೋದು" ಅಂತ ಶುರುಮಾಡಿದರೆ ಪ್ರಭಂಜನ ಗುಂಡಿ ಒತ್ತಿ ಆರಿಸಿಬಿಟ್ಟ.

"ನಿಮ್ಮ ದನಿ ನನಗೆ ಗೊತ್ತಿಲ್ವಾ ಕೆಂಚರಾಯ ಅವರೇ? ನಾನು ಸಾಕ್ಷಿ ಹಾಕಬೇಕು, ಸುಳ್ಳು ಹಾಕೋಕಾಗಲ್ಲ."

ಪಾತಣ್ಣನಿಗೆ ಉಸಿರು ಕಟ್ಟಿ ಮುಖ ಕಪ್ಪಗಾಗಿತ್ತು. ರೋಸಿಹೋಗಿ, ರೆಕಾರ್ಡರಿನ ಗುಂಡಿ ತಾನೇ ಒತ್ತಿ, "ನನ್ ಕೋಲು ಬಿಸಿ ಆಗಲ್ಲ ಕಣಯ್ಯ!" ಅಂತ ಕಿರುಚಿಬಿಟ್ಟ. ಸಾಯಂಕಾಲ ಅವನ ಮನೆಯ ಗೂಡಿನಲ್ಲಿ ಚಾರ್ಜರು ಮಾತ್ರ ಇತ್ತು. ಅದರ ಮೇಲೆ ಅವನು ದೂರಿರಲಿಲ್ಲವಲ್ಲ. ಹಸಿರು ದೀಪ ಉರಿಸಿಕೊಂಡು ಅದು ಯಾರಿಗೋ ಕಾಯುತ್ತಿತ್ತು.

ಕಂಪನಿಯಿಂದ ಉತ್ತರ ಬಂತು: ಕೆಟ್ಟ ಕೋಲನ್ನು ಕಳಿಸಿ, ಪರೀಕ್ಷಿಸಿ ಹೊಸದು ಕೊಡುತ್ತೇವೆ. ಕಳಿಸಲು ಕೋಲೆಲ್ಲಿದೆ? ಕೋಲಿಲ್ಲದ ದೂರು ದೂರಲ್ಲ ಅಂತ ಕಡತ ಮುಚ್ಚಿದರು. ಹಾಗೇ ಇನ್ನೂ ಐದು ಜನ ತಾಳಲಾರದೆ ಬಾಯಿಬಿಟ್ಟು ಕಳೆದುಕೊಂಡರು. ಊರು ಯಾರನ್ನು ಬೈಯಬೇಕು? ನನ್ನನ್ನು ಬೈಯಿತು. "ಪಾತಣ್ಣನ್ನ ಅಂಗಡಿಗೆ ಕರ್ಕಂಡ್ ಹೋದೋನೇ ಇವ್ನು. ಇವ್ನೂ ಆ ಪ್ರಭಂಜನನೂ ಒಂದೇ" ಅಂತ ನಲ್ಲಿಯ ಹತ್ತಿರ ಹೇಳಿದ್ದು ನನ್ನ ಕಿವಿಗೇ ಬಿತ್ತು. ಗಿರಾಕಿಗಳು ನಿಂತರು. ಕೋಲು ಕೆಟ್ಟವರೆಲ್ಲ ಮನೆಯೊಳಗೆ ಕೂತು ಅದನ್ನು ಹೊಗಳುತ್ತ ಕೆಮ್ಮುತ್ತಿದ್ದರು.

ತನ್ನ ವಸ್ತುವನ್ನು ತಾನೇ ದೂರುತ್ತಾನೋ ಇಲ್ಲವೋ ನೋಡಲು ನಾನು ಪ್ರಭಂಜನನ ಬೆನ್ನು ಬಿದ್ದೆ. ಅವನು ಹೋಟೆಲಿನಲ್ಲಿ ಕೂತರೆ ಹಿಂದಿನ ಮೇಜಿನಲ್ಲಿ ಕೂತೆ. ಕಾಫಿ ತಣ್ಣಗಿದ್ದರೆ ತಣ್ಣಗಿದೆ ಅಂದ. ಸರಿ, ಕಾಫಿ ಹೋಟೆಲಿನದ್ದು. ಒಂದು ಮಧ್ಯಾಹ್ನ ಮಳೆಯಲ್ಲಿ ಅವನ ಛತ್ರಿಯ ಎರಡು ಕಡ್ಡಿ ಮುರಿದು ಅರ್ಧ ಮೈ ತೊಯ್ದು ಹೋಯಿತು. ಪಕ್ಕದಲ್ಲಿದ್ದವರು, "ಏನ್ ಸಾರ್, ಛತ್ರಿ?" ಅಂದರು. ನಾನು ಉಸಿರು ಬಿಗಿಹಿಡಿದು ಕಾದೆ. ಪ್ರಭಂಜನ ನಕ್ಕು ಛತ್ರಿ ಮಡಚಿದ, ಅಷ್ಟೇ. ಗೊತ್ತಿದ್ದು ಬಾಯಿ ಮುಚ್ಚಿಕೊಂಡನೋ, ಸಂಕೋಚದ ಮನುಷ್ಯನೋ? ಆ ಕಡೆಗೂ ಹೇಳಬಹುದು, ಈ ಕಡೆಗೂ ಹೇಳಬಹುದು. ಅನುಮಾನ ಅನ್ನುವುದು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ, ನಾಲಿಗೆ ಅಲ್ಲಿಂದ ಏಳುವುದೇ ಇಲ್ಲ.

ಅಷ್ಟರಲ್ಲಿ ನಮ್ಮ ಕೋಲು ಕೆಟ್ಟಿತು. ಅವ್ವ ಹೇಳಲಿಲ್ಲ, ಹೇಳುವ ಹಾಗಿಲ್ಲ. "ಬಲು ಸಂದಾಗೈತೆ ಕಣ್ಲಾ, ನನ್ ಕಷ್ಟ ಕಂಡು ಅದೂ ಸುಸ್ತಾಗೈತೆ" ಅಂದಳು ಒಂದು ಬೆಳಿಗ್ಗೆ. ಕೈಗೆ ತೆಗೆದುಕೊಂಡು ನೋಡಿದೆ. ಗುಂಡಿ ಒತ್ತಿದರೆ ಸ್ಕ್ರೀನಿನಲ್ಲಿ ಅಂಕಿ ಓಡುತ್ತದೆ, ಗಾಜು ಮಾತ್ರ ತಣ್ಣಗೇ. ಮೂರು ದಿನದಲ್ಲಿ ಅವ್ವ ಮಲಗುವುದನ್ನು ಬಿಟ್ಟಳು. ಗೋಡೆಗೊರಗಿ ಕೂತು, ಭುಜ ಎತ್ತಿ ಎತ್ತಿ ಉಸಿರನ್ನು ಬಾವಿಯಿಂದ ಸೇದುವವಳ ಹಾಗೆ ಸೇದುತ್ತಿದ್ದಳು. ವಾರಂಟಿ ಮುಗಿಯಲು ಉಳಿದದ್ದು ಎರಡು ದಿನ. ಇನ್ನೊಂದು ಕೊಳ್ಳುವ ತಾಕತ್ತು ಈ ಜನ್ಮಕ್ಕಿಲ್ಲ.

ಕಾಗದ ನನ್ನ ಹೆಸರಲ್ಲಿದೆ, ದೂರಬೇಕಾದವನು ನಾನು. ದೂರಿದರೆ ಹೊತ್ತು ಮುಳುಗುವಾಗ ಕೋಲಿರುವುದಿಲ್ಲ. ಅದು ಅವ್ವನದ್ದು ನಿನ್ನದಲ್ಲ ಅಂತ ಮನಸ್ಸಿಗೆ ಎಷ್ಟು ಹೇಳಿದರೂ ಅದು ಕೇಳದು. ಶಾಲೆಯನ್ನೇ ನನ್ನದು ಅಂದುಕೊಂಡವನು ನಾನು! ಜಗಲಿಯ ಮೇಲೆ ಕೂತು ಕಲ್ಲು ಎಸೆಯುತ್ತಿದ್ದಾಗ ಹೊಳೆಯಿತು. ಕಂಪನಿ ನೋಡುವುದು ಕಾಗದವನ್ನು. ಊರು ನೋಡುವುದು ಮನಸ್ಸನ್ನು. ಕಾಗದ ನನ್ನಲ್ಲೇ ಇರಲಿ, ಕೋಲನ್ನು ಯಾರಿಗಾದರೂ ಕೊಟ್ಟುಬಿಟ್ಟರೆ? ಆಗ ಅದು ನನ್ನದಲ್ಲ. ನನ್ನದಲ್ಲದ್ದನ್ನು ನಾನು ಬಾಯಿತುಂಬ ಬೈಯಬಹುದು. ಆದರೆ ಆಟಕ್ಕೆ ಕೊಟ್ಟರೆ ನಡೆಯದು. ನಾಳೆ ವಾಪಸ್ಸು ಕೊಡುತ್ತಾನೆ ಅನ್ನುವ ಎಳೆ ಮನಸ್ಸಿನ ಮೂಲೆಯಲ್ಲಿದ್ದರೂ ವಸ್ತುವಿಗೆ ಗೊತ್ತಾಗುತ್ತದೆ. ಖಂಡಿತ ವಾಪಸ್ಸು ಕೊಡದವನಿಗೆ ಕೊಡಬೇಕು. ಅಂಥವನು ಊರಲ್ಲಿ ನನಗೆ ಒಬ್ಬನೇ.

ಪಾತಣ್ಣ ಬಾಗಿಲಲ್ಲಿ ಕೂತಿದ್ದ, ಅವ್ವನ ಹಾಗೇ ಭುಜ ಎತ್ತಿ ಇಳಿಸುತ್ತ. ಕೋಲನ್ನು ಮುಂದೆ ಚಾಚಿದೆ.

"ತಗಾ. ನಿಂಗೆ ಕೊಡ್ತಿದೀನಿ."

ಅವನು ಕೋಲು ನೋಡಿದ, ನನ್ನನ್ನು ನೋಡಿದ, ನನ್ನ ಹಿಂದೆ ಯಾರಾದರೂ ಅಡಗಿದ್ದಾರೋ ಅಂತ ನೋಡಿದ. "ಯಾಕ್ಲಾ? ಏನ್ ರೋಗ ಇದುಕ್ಕೆ?"

"ತಗಂಡ್ ಮ್ಯಾಲೆ ಹೇಳ್ತೀನಿ."

"ಮೊದ್ಲು ಹೇಳು."

"ಮೊದ್ಲು ಹೇಳಂಗಿಲ್ಲ ಕಣಣ್ಣ. ಇನ್ನೂ ನಂದೇ ಐತೆ!"

"ಓಹೋ. ಕೆಟ್ಟಿರೋದನ್ನ ನನ್ ತಲೆಗೆ ಕಟ್ಟಿ, ಪ್ರಭಂಜನನ ತಾವ ನನ್ನ ಸಿಕ್ಕಿಸಾಕೆ ನೋಡ್ತಿದೀಯ. ಸ್ಕೂಲ್ ನುಂಗಿದೋನು ನೀನು, ನಿನ್ ಕೈಯಿಂದ ನೀರೂ ಇಸ್ಕಣಲ್ಲ, ಹೋಗ್ಲಾ."

ನನ್ನ ಸಿಟ್ಟು ನೆತ್ತಿಗೇರಿತು. "ಕೊಡ್ತೀನಿ ಅಂದ್ರೂ ಇಸ್ಕಣಕ್ಕೆ ಏನ್ ನಿಂಗೆ ದೊಡ್ ರೋಗ! ನಿನ್ ಮಗಳ ಓದು ನಾನ್ ಬೇಕಂತ ಹಾಳ್ ಮಾಡಿದ್ನಾ? ಸೋರ್ತಿತ್ತು, ಸೋರ್ತೈತೆ ಅಂದೆ! ನಿನ್ ತಲೆ ಮ್ಯಾಲೆ ಬಿದ್ದಿದ್ರೆ ನೀನೇನ್ ಹಾಡು ಹೇಳ್ತಿದ್ದಾ?" ಅಂತ ಬೀದಿ ತುಂಬ ಕೂಗಿದೆ. ಓಬಮ್ಮ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು.

ನನ್ನ ಕೂಗಿಗೆ ಅವ್ವ ಎದ್ದು ಬಂದಿದ್ದಳು. ಆರು ಮನೆ ದಾಟಲು ಆರು ಜಗಲಿಯ ಮೇಲೆ ಕೂತು ಬಂದಳು. ನನ್ನ ಕೈಯಿಂದ ಕೋಲು ಕಿತ್ತುಕೊಂಡಳು. ಸೆರಗಿನ ಗಂಟಿನಿಂದ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದಳು. ಎಲೆಯ ಮೇಲೆ ಕೋಲಿಟ್ಟು ಪಾತಣ್ಣನ ಮುಂದೆ ಹಿಡಿದಳು.

"ಪಾತ," ಅಂದಳು. ಉಸಿರಿಗೆ ಕಾದಳು. "ನಾನ್ ನಿನ್ ಸನಿಕೆಗೆ... ಕೂಗಿದೋಳು. ಮಗನ ಕೈಯಿಂದ ಬ್ಯಾಡ... ನನ್ ಕೈಯಿಂದ ಇಸ್ಕ."

ಎಲೆ ಅಡಿಕೆ ಇಟ್ಟು ಕೊಟ್ಟದ್ದನ್ನು ಬೇಡ ಅನ್ನುವವರು ನಮ್ಮಲ್ಲಿಲ್ಲ. ಪಾತಣ್ಣನ ಕೈ ತಾನಾಗಿ ಮೇಲೆ ಬಂತು. ಅವ್ವ ಕೊಟ್ಟಳು, ಅದು ನನಗೆ ಕಂಡಿತು. ಮಗುವನ್ನು ಇನ್ನೊಬ್ಬರ ಸೊಂಟಕ್ಕೆ ದಾಟಿಸುವ ಹಾಗೆ ಕೊಟ್ಟಳು. ಆದರೆ ನಾನು ಕೊಟ್ಟೆನೋ ಇಲ್ಲವೋ? ಮನಸ್ಸಿನೊಳಗೆ ಕೈಹಾಕಿ ತಡಕಿ ನೋಡಿದೆ. ಇಷ್ಟು ಹೊತ್ತಿಗೆ ನನಗೆ ಪ್ರಭಂಜನನ ಮೇಲೆ ಎಷ್ಟು ಅನುಮಾನವಿತ್ತೋ ನನ್ನ ಮೇಲೂ ಅಷ್ಟೇ ಇತ್ತು.

ಮೂವರೂ ಅಂಗಡಿಗೆ ಹೋದೆವು. ಪಾತಣ್ಣ ಕೋಲನ್ನು ಮೇಜಿನ ಮೇಲಿಟ್ಟು ಬಾಗಿಲ ಬಳಿ ಕೂತ. ಪ್ರಭಂಜನ ಕಾಗದ ನೋಡಿ, "ಕೆಂಚರಾಯ, ನಿಮ್ಮದೇ ಹೆಸರು. ನೀವು ಹೇಳಬಹುದು" ಅಂದು ರೆಕಾರ್ಡರು ಒತ್ತಿದ. ಹಾಗೆ ಒತ್ತುವಾಗ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಪಾತಣ್ಣನ ಕೈಯಲ್ಲಿದ್ದ ವೀಳ್ಯದೆಲೆ ನೋಡಿದ. ಅದನ್ನೂ ನಾನು ಗುರುತಿಟ್ಟುಕೊಂಡೆ.

ನಾನು ದೂರಿದೆ. ಬಿಸಿಯಾಗದ ಒಲೆ, ಸುಳ್ಳು ಹೇಳುವ ಸ್ಕ್ರೀನು, ಸಾಯುವ ಬ್ಯಾಟರಿ, ತುಟಿ ಸುಡುವ ಗಾಜು, ಕಿತ್ತುಬರುವ ತೂತು, ಎಮ್ಮೆ ನುಂಗಿದ ಬೆಲೆ. ಊರಿನ ಎಲ್ಲ ಕೋಲುಗಳ ದೂರು ಈ ಒಂದು ಕೋಲಿನ ಮೇಲೆ ಇಳಿಯಿತು. ನಿಲ್ಲಿಸಿದಾಗ ಗಂಟಲು ಕಿತ್ತುಹೋಗಿತ್ತು. ಹೊರಗೆ ಬಿಸಿಲು ಭಟ್ಟಿಯ ಚಿಮಣಿಯ ಪಕ್ಕಕ್ಕೆ ಬಂದಿತ್ತು.

ಯಾರೂ ಏಳಲಿಲ್ಲ. ನಾಲ್ವರೂ ಮೇಜಿನ ಮೇಲಿನ ಕೋಲನ್ನೇ ನೋಡುತ್ತ ಕೂತೆವು. ಪ್ರಭಂಜನ ಅಂಗಡಿ ಮುಚ್ಚುವ ಹೊತ್ತಾಯಿತು ಅನ್ನಬೇಕಿತ್ತು, ಅನ್ನಲಿಲ್ಲ. ಚಿಮಣಿಯ ಹಿಂದೆ ಸೂರ್ಯ ಅರ್ಧವಾದ, ಕಾಲಾದ, ಗೀರಾದ. ನಾನು ಕಣ್ಣು ಮುಚ್ಚಿಕೊಂಡೆ. "ಐತೆ" ಅಂದಳು ಅವ್ವ. ಕಣ್ಣು ತೆರೆದೆ. ಕೋಲು ಮೇಜಿನ ಮೇಲೇ ಇತ್ತು. ನಾನು ಕೊಟ್ಟಿದ್ದೆ. ನಿಜಕ್ಕೂ ಕೊಟ್ಟಿದ್ದೆ. ಅಷ್ಟು ಸಂತೋಷವೂ ಅಷ್ಟು ಸಂಕಟವೂ ಒಟ್ಟಿಗೆ ನನಗೆ ಯಾವತ್ತೂ ಆಗಿರಲಿಲ್ಲ, ಯಾಕೆಂದರೆ ಈಗ ಅವ್ವನಿಗೆ ಕೋಲಿರಲಿಲ್ಲ.

ಕೆಟ್ಟ ಕೋಲು ಕಂಪನಿಗೆ ಹೋಯಿತು. ಎಂಟು ದಿನಕ್ಕೆ ಹೊಸದು ನನ್ನ ಹೆಸರಿಗೆ ಬಂತು. ಆ ಎಂಟು ದಿನ ಅವ್ವ ಬಿಸಿನೀರಿನ ಹಬೆಗೆ ಮುಖ ಕೊಟ್ಟು ಬದುಕಿದಳು. ಅಂಗಡಿಯಿಂದ ಭಟ್ಟಿ ಬೀದಿಗೆ ಬರುವಾಗ ಎರಡು ತಿರುವಿದೆ. ಎಡಕ್ಕೆ ಹೋದರೆ ನಮ್ಮ ಮನೆ, ಬಲಕ್ಕೆ ಪಾತಣ್ಣನದ್ದು. ತಿರುವಿನಲ್ಲಿ ಡಬ್ಬಿ ಹಿಡಿದು ಎಷ್ಟು ಹೊತ್ತು ನಿಂತೆನೋ ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಬಲಕ್ಕೆ ಹೋಗಿ ಡಬ್ಬಿಯನ್ನು ಅವನ ಮುಂದೆ ಕುಕ್ಕಿ, ತಿರುಗಿ ನೋಡದೆ ಬಂದೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಪಾತಣ್ಣ ನಮ್ಮ ಜಗಲಿಯ ಮೇಲಿದ್ದ. "ಚೆನ್ನಾಜಿ, ಬಾ ಇತ್ಲಾಗೆ" ಅಂದ. ಅವ್ವನಿಗೆ ಆರು ದಮ್ಮು, ತನಗೆ ಆರು ದಮ್ಮು, ಆಮೇಲೆ ಕೋಲನ್ನು ಬನಿಯನಿನ ಒಳಗೆ ಸಿಕ್ಕಿಸಿಕೊಂಡು ಹೊರಟ. ಸಾಯಂಕಾಲ ಮತ್ತೆ ಬಂದ. ಇದು ಎಷ್ಟು ದಿನವೋ ನೋಡೋಣ ಅಂತ ನಾನು ಕಂಬದ ಮರೆಯಿಂದ ಎಣಿಸುತ್ತಿದ್ದೆ. ತಿಂಗಳಾಯಿತು, ಒಂದು ದಿನ ತಪ್ಪಲಿಲ್ಲ. ಅವ್ವ ಮತ್ತೆ ಕೋಳಿಗಳನ್ನು ಬೈಯತೊಡಗಿದಳು. ಓಬಮ್ಮ ಎಲೆ ಒಣಗಿಸಿ ಕುಟ್ಟಿ ಕಳಿಸುತ್ತಿದ್ದಳು. ಒಮ್ಮೆ ಪಾತಣ್ಣ ನನಗೂ ಒಂದು ದಮ್ಮು ಕೊಟ್ಟು, "ಏನ್ಲಾ, ಕದ್ದು ನೋಡ್ತೀಯ? ಎದುರ್ಗೆ ಕುಂತ್ಕಂಡ್ ನೋಡು" ಅಂದ.

ಎದುರಿಗೆ ಕೂತು ನೋಡಿದ್ದಕ್ಕೇ ಗೊತ್ತಾಯಿತು. ಕೋಲು ಹನ್ನೆರಡು ದಮ್ಮಿಗೆ ಬರುತ್ತಿದ್ದದ್ದು ಹನ್ನೊಂದಕ್ಕೆ ನಿಂತಿತು. ವಾರ ಕಳೆದ ಮೇಲೆ ಒಂಬತ್ತಕ್ಕೆ. ಪಾತಣ್ಣ ಅವ್ವನಿಗೆ ಆರು ಕೊಟ್ಟು ಉಳಿದ ಮೂರನ್ನು ತಾನು ಎಳೆದು, "ಬಲೇ ಚೆನ್ನಾಗೈತೆ, ನಂಗೆ ಮೂರಕ್ಕೇ ಸಾಕ್ ಅನುಸ್ತೈತೆ" ಅಂದ. ಅವ್ವ ತಲೆ ತಗ್ಗಿಸಿದಳು. ಇಬ್ಬರೂ ನನ್ನ ಕಡೆ ನೋಡಿದರು. ನೀನು ಹೇಳು, ನಿನ್ನದಲ್ಲವಲ್ಲ ಅನ್ನುವ ನೋಟ. ನಾನು ಬಾಯಿ ತೆರೆದೆ. ಕೊಟ್ಟ ದಿನ ಅದು ನನ್ನದಾಗಿರಲಿಲ್ಲ, ಸರಿ. ಆದರೆ ಒಂದು ತಿಂಗಳು ಈ ಜಗಲಿಯ ಮೇಲೆ ಕೈಯಿಂದ ಕೈಗೆ ಹೋದ ಮೇಲೆ? ಶಾಲೆಯ ಹೆಂಚಿನಿಂದ ಬಿದ್ದ ಆ ನೀರಿನ ಸದ್ದು ಕಿವಿಯಲ್ಲಿ ಕೇಳಿತು. ಬಾಯಿ ಮುಚ್ಚಿಕೊಂಡೆ.

ಅದೇ ದಿನ ಇಳಿಹೊತ್ತಿನಲ್ಲಿ ಪ್ರಭಂಜನ ಬಂದ. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಫಾರಂ. ಹೊಸ ಕೋಲು ಪಡೆದವರ ಅಭಿಪ್ರಾಯ ಬರೆದುಕೊಳ್ಳಬೇಕಂತೆ. "ಹೇಗಿದೆ ಕೆಂಚರಾಯ ಅವರೇ ನಿಮ್ಮ ಯಂತ್ರ?"

ನನ್ನ ಕಸುಬಿನಲ್ಲಿ ಆವತ್ತಿನವರೆಗೆ ಆಡದ ಮಾತನ್ನು ಆಡಿದೆ. "ತುಂಬಾ ಚೆನ್ನಾಗಿದೆ. ಹಂಗೇ ಬರ್ಕಳಿ."

ನಮ್ಮ ಕಟ್ಟಳೆ ತಿಳಿಯದ ಹೊರಗಿನವನಾಗಿದ್ದರೆ ಬರೆದುಕೊಂಡು ಹೋಗುತ್ತಿದ್ದ. ಪ್ರಭಂಜನನ ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು. ನಗು ಮೊದಲ ಸಲ ಜಾರಿತು. ತಗ್ಗಿದ ದನಿಯಲ್ಲಿ ಕೇಳಿದ: "ಎಷ್ಟನೇ ದಮ್ಮಿಗೆ ನಿಲ್ಲುತ್ತೆ?"

ನನ್ನ ಹೊಗಳಿಕೆಯೊಳಗಿನ ದೂರು ಇವನಿಗೆ ಕೇಳಿಸಿತ್ತು. ಇವನಿಗೆ ಗೊತ್ತು. ಮೊದಲಿಂದ ಗೊತ್ತು. ಆ ಚೀಟಿ ಅಂಟಿಸುವಾಗ, ಪಾತಣ್ಣನ ಮುಂದೆ ಗುಂಡಿ ಒತ್ತುವಾಗ, ಆ ಆರು ಜನರ ಗೂಡು ಖಾಲಿಯಾಗುವಾಗ ಎಲ್ಲ ಗೊತ್ತಿತ್ತು. ನಾನು ಎದ್ದು ನಿಂತೆ. ಅವ್ವ ನನ್ನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ಆಮೇಲೆ, ಒಂದೇ ಉಸಿರಿನಲ್ಲಿ, ಬಲು ನಯವಾಗಿ ಕೇಳಿದಳು:

"ನಿನ್ ಅಂಗಡಿ ಹೆಂಗೈತಪ್ಪ? ಅಷ್ಟೊಂದ್ ಡಬ್ಬಿ ಪೇರ್ಸಿದೀಯ, ಎಲ್ಲ ಕಂಪನೀವೋ, ನಿನ್ವೋ?"

ಪ್ರಭಂಜನ ಚಿಮಣಿಯ ಕಡೆ ನೋಡಿದ. ಸೂರ್ಯ ಇನ್ನೂ ಎರಡು ಮೊಳ ಮೇಲಿದ್ದ.

"ನನ್ನವೇ ಅಮ್ಮಾ. ಮೊದಲೇ ಕೊಂಡುಕೊಂಡ ಮೇಲೇನೇ ಏಜೆನ್ಸಿ ಕೊಡೋದು. ಇನ್ನೂರಿವೆ," ಅಂದ. ಸ್ವಲ್ಪ ತಡೆದು, "ತುಂಬಾ ಚೆನ್ನಾಗಿವೆ. ಕಂಪನಿಯವರಂತೂ ಕರೆ ಮಾಡಿದರೆ... ತುಂಬಾ ಚೆನ್ನಾಗಿ ಮಾತಾಡ್ತಾರೆ."

ಪಾತಣ್ಣ ಗಹಗಹಿಸಿ ನಕ್ಕು ಕೆಮ್ಮಿದ. "ಇವ್ನೂ ಗಿರಾಕಿನೇ ಕಣ್ಲಾ ಕೆಂಚ!"

ನಾನು ನಗಲಿಲ್ಲ. ಇದೂ ಒಂದು ಆಟವಿರಬಹುದು. ಇವನು ಕಂಪನಿಗಾಗಿ ನಮ್ಮನ್ನು ಮಾರಿದವನು, ಈಗ ನಮಗಾಗಿ ಕಂಪನಿಯನ್ನು ಮಾರುವ ಹಾಗೆ ನಟಿಸುತ್ತಿರಬಹುದು. ಅವನ ಕಣ್ಣನ್ನೇ ದಿಟ್ಟಿಸಿದೆ. ಅವನು ನೋಟ ತಪ್ಪಿಸಲಿಲ್ಲ. ಜಗಲಿ ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತ. ಚೀಲದಿಂದ ಮೊಹರೊಡೆಯದ ಒಂದು ಡಬ್ಬಿ ತೆಗೆದು ನನ್ನ ಮಡಿಲಲ್ಲಿಟ್ಟ. ಅದರ ಮೇಲೆ ತನ್ನ ಹೆಸರಿನ ಕಾಗದ ಇಟ್ಟ. ಕಾಗದದ ಮೇಲೆ ರೆಕಾರ್ಡರಿಟ್ಟು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

ಸಾಕ್ಷಿ ಹಾಕಬೇಕಾದವನು ನಮ್ಮ ಮನೆಯ ಗೋಡೆಗೆ ಮುಖ ತಿರುಗಿಸಿ ಕೂತ.

ನಾನು ಡಬ್ಬಿ ಒಡೆದೆ, ಎಲೆ ತುಂಬಿದೆ, ಗುಂಡಿ ಒತ್ತಿದೆ, ಒಂದೊಂದೇ ದಮ್ಮು ಎಳೆದು ಎಣಿಸಿದೆ. ಐದಕ್ಕೆ ನಿಂತಿತು. ಗಂಟಲು ಸರಿಮಾಡಿಕೊಂಡು, "ನಾನ್ ಪ್ರಭಂಜನ ಮಾತಾಡ್ತಿರೋದು" ಅಂತ ಶುರುಮಾಡಿದೆ.